ಸರಮೆಯ ಪ್ರಶ್ನೆ

ಶ್ರೀಮನ್ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ಒಂದು ನಾಯಿಮರಿಯ ಕಥೆ ಬರುತ್ತದೆ. ಪರೀಕ್ಷಿತನ ಮಗನಾದ ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ಆಚರಿಸುತ್ತಿದ್ದಾಗ, ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬಂದಿತು. ಶ್ರುತಸೇನ, ಉಗ್ರಸೇನ, ಭೀಮಸೇನರೆಂಬ ರಾಜನ ತಮ್ಮಂದಿರು ಅದನ್ನು ಹೊಡೆದರು. ಅಳುತ್ತ ಬಂದ ಮಗನನ್ನು ಸರಮೆಯು ಮೊದಲು ವಿಚಾರಿಸಿದಳು: ನೀನೇ ಏನಾದರೂ ಅಪರಾಧ ಮಾಡಿದೆಯಾ? ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದು ಅದು ತಿಳಿಸಿದ ಮೇಲೆ ಸತ್ರಶಾಲೆಗೆ ಹೋಗಿ, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರಲ್ಲಿ ಉತ್ತರವಿರಲಿಲ್ಲ. ಕಾಣದ ಭಯವೊಂದು ನಿಮಗೆ ಒದಗಲಿ ಎಂದು ಶಪಿಸಿ ಹೊರಟುಹೋದಳು. ಜನಮೇಜಯನು ಇದನ್ನು ನಾಯಿಯ ಮಾತೆಂದು ತಳ್ಳಿಹಾಕಲಿಲ್ಲ. ಆ ಪಾಪವನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೋದನು.

ಸರಮೆಯು ದೇವಲೋಕದವಳು. ಆದರೆ ಸಾಮಾನ್ಯ ಪ್ರಾಣಿಗಳಿಗೂ ನ್ಯಾಯಾನ್ಯಾಯಗಳ ಅರಿವಿದೆಯೆ? ಇದ್ದ ಪಕ್ಷದಲ್ಲಿ ಮನುಷ್ಯನ ವೈಶಿಷ್ಟ್ಯವೇನು? ಶಾಲೆಯಲ್ಲಿ ಜೀವವಿಜ್ಞಾನ ಓದುವ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಉತ್ತರಿಸಲು ನಾವೂ ಸಿದ್ಧರಿರಬೇಕು.

ವಿಯೆನ್ನಾದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎರಡು ನಾಯಿಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ, ಮುಂಗಾಲನ್ನು ಕೈಗೆ ಕೊಡುವಂತೆ ಹೇಳಲಾಯಿತು. ಒಂದಕ್ಕೆ ಮಾತ್ರ ತಿನಿಸು ದೊರೆತಾಗ, ದೊರೆಯದಿದ್ದ ನಾಯಿ ಬೇಗನೆ ಕಾಲು ಕೊಡುವುದನ್ನು ನಿಲ್ಲಿಸಿತು. ಒಂಟಿಯಾಗಿದ್ದಾಗ ತಿನಿಸಿಲ್ಲದಿದ್ದರೂ ಅದು ಹೆಚ್ಚು ಹೊತ್ತು ಹೇಳಿದಂತೆ ಮಾಡುತ್ತಿತ್ತು. 2011ರಲ್ಲಿ ಷಿಕಾಗೋದಲ್ಲಿ ನಡೆದ ಪ್ರಯೋಗದಲ್ಲಿ ಇಲಿಗಳು ಕೊಳವೆಯಲ್ಲಿ ಸಿಲುಕಿದ್ದ ಜೊತೆಗಾರ ಇಲಿಯನ್ನು ಬಾಗಿಲು ತೆರೆದು ಬಿಡಿಸಿದವು. ಇನ್ನೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟಿದ್ದಾಗ ಅದನ್ನೂ ತೆರೆದು, ಬಹಳ ಸಲ ಬಿಡಿಸಿದ ಇಲಿಗೂ ಪಾಲು ಉಳಿಸಿದವು.

1964ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವಂತೂ ಮರೆಯುವಂತಹುದಲ್ಲ. ಸರಪಳಿಯನ್ನು ಎಳೆದರೆ ಕೋತಿಗೆ ಆಹಾರ ಸಿಗುತ್ತಿತ್ತು. ಆದರೆ ಎದುರಿನ ಕೋತಿಗೆ ವಿದ್ಯುತ್ತಿನ ಆಘಾತವಾಗುತ್ತಿತ್ತು. ಹೆಚ್ಚಿನ ಕೋತಿಗಳು ಆ ಸರಪಳಿಯಿಂದ ದೂರವಾದವು. ಒಂದು ಕೋತಿ ಹನ್ನೆರಡು ದಿನ ಯಾವ ಸರಪಳಿಯನ್ನೂ ಎಳೆಯದೆ ಹಸಿದಿತ್ತು. ಇದು ಕರುಣೆಯೋ, ಇನ್ನೊಂದರ ಸಂಕಟವನ್ನು ನೋಡಲಾರದ ಕಸಿವಿಸಿಯೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಆದರೆ ಆ ಯಂತ್ರವನ್ನು ಜೋಡಿಸಿದವನು ಮನುಷ್ಯನೆಂಬುದರಲ್ಲಿ ಚರ್ಚೆಯಿಲ್ಲ.

2012ರ ಜುಲೈಯಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವಿಜ್ಞಾನಿಗಳು, ಪ್ರಜ್ಞೆಗೆ ಬೇಕಾದ ನರಮಂಡಲದ ಸಾಧನಗಳು ಸಸ್ತನಿಗಳಲ್ಲಿಯೂ ಪಕ್ಷಿಗಳಲ್ಲಿಯೂ ಇವೆಯೆಂದು ಘೋಷಿಸಿದರು. ನಮ್ಮ ಸಿದ್ಧಾಂತಕ್ಕೆ ಇದು ಹೊಸದಲ್ಲ. ಜೀವನು ಯಾವ ಶರೀರದಲ್ಲಿದ್ದರೂ ಚೇತನನೇ. ಸುಖದುಃಖಗಳ ಅನುಭವವು ಅವನ ಸಾಕ್ಷಿಗೆ ಗೋಚರ. ಆದ್ದರಿಂದ ನೋವು ಮನುಷ್ಯನ ವೈಶಿಷ್ಟ್ಯವಲ್ಲ, ಪ್ರೀತಿಯೂ ಅಲ್ಲ.

ಹಾಗಾದರೆ ಯಾವುದು? ಶ್ರೀಮದಾಚಾರ್ಯರು ಬ್ರಹ್ಮಸೂತ್ರಭಾಷ್ಯದ ದೇವತಾಧಿಕರಣದಲ್ಲಿ ವೇದವಿದ್ಯೆಯ ಅಧಿಕಾರವನ್ನು ವಿಚಾರಿಸುತ್ತ, ತಿರ್ಯಕ್ಕುಗಳಿಗೆ ವಿಶಿಷ್ಟಬುದ್ಧಿ ಇಲ್ಲದಿರುವುದರಿಂದ ಅಧಿಕಾರವಿಲ್ಲವೆನ್ನುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವುಗಳಲ್ಲಿಯೂ ಎಲ್ಲಿ ಅಂತಹ ಬುದ್ಧಿಯುಂಟೋ ಅಲ್ಲಿ ವಿರೋಧವಿಲ್ಲವೆಂದು ಹೇಳಿ, ಖಾಂಡವದಾಹದಲ್ಲಿ ಅಗ್ನಿಯನ್ನು ಸ್ತುತಿಸಿ ಬದುಕಿದ ಜರಿತಾರಿ ಮೊದಲಾದ ಹಕ್ಕಿಗಳನ್ನು ನಿದರ್ಶನವಾಗಿ ತೋರಿಸುತ್ತಾರೆ. ಗೆರೆಯು ಶರೀರದ ಆಕಾರವನ್ನು ನೋಡಿ ಎಳೆದುದಲ್ಲ, ಅರಿವಿನ ಯೋಗ್ಯತೆಯನ್ನು ನೋಡಿ ಎಳೆದದ್ದು.

ಅಧಿಕಾರವೆಂದರೆ ದೊಡ್ಡಸ್ತಿಕೆಯಲ್ಲ, ಹೊಣೆ. ನಾವು ಬಹುಕಾಲ ಸೇವೆ ಸಲ್ಲಿಸಿದ ರೈಲ್ವೆಯಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ಕೆಂಪು ಸಿಗ್ನಲ್ ಇರುವಾಗ ಎತ್ತೊಂದು ಹಳಿಯ ಮೇಲೆ ಅದನ್ನು ದಾಟಿ ನಡೆದರೆ ಯಾರೂ ಅದನ್ನು ವಿಚಾರಣೆಗೆ ಕರೆಯುವುದಿಲ್ಲ. ಅದೇ ಸಿಗ್ನಲ್ಲನ್ನು ರೈಲಿನ ಚಾಲಕನು ದಾಟಿದರೆ ಉತ್ತರ ಹೇಳಲೇಬೇಕು. ಎತ್ತಿಗೆ ಕಣ್ಣಿಲ್ಲವೆಂದಲ್ಲ, ಭಯವಿಲ್ಲವೆಂದೂ ಅಲ್ಲ. ಸಿಗ್ನಲ್ಲಿನ ಅರ್ಥವನ್ನು ತಿಳಿದು ಹೊಣೆ ಹೊತ್ತವನು ಚಾಲಕನು. ಹಾಗೆಯೇ ಹುಲಿಯು ಜಿಂಕೆಯನ್ನು ಕೊಂದರೆ ಅದು ಸ್ವಭಾವ. ವಿಧಿನಿಷೇಧಗಳನ್ನು ತಿಳಿಯಬಲ್ಲ ಮನುಷ್ಯನು ವೃಥಾ ಹಿಂಸಿಸಿದರೆ ಅದು ಪಾಪ.

ಸರಮೆಯ ಕಥೆಯ ತಿರುಳೂ ಇದೇ. ನೊಂದುದು ನಾಯಿ, ಉತ್ತರ ಹೇಳಬೇಕಾದವರು ರಾಜಪುತ್ರರು. ಪ್ರಾಣಿಗಳ ಬುದ್ಧಿಯ ಬಗ್ಗೆ ಹೊಸ ವಿಷಯಗಳು ತಿಳಿದುಬಂದಷ್ಟೂ ಮನುಷ್ಯನ ಸ್ಥಾನ ಕುಗ್ಗುತ್ತದೆಯೆಂದು ಅಂಜಬೇಕಾಗಿಲ್ಲ; ಅವನ ಹೊಣೆ ಹೆಚ್ಚುತ್ತದೆ.

ನಗರಗಳ ಹೌಸಿಂಗ್ ಸೊಸೈಟಿಗಳಲ್ಲಿ ಬೀದಿನಾಯಿಗಳ ಬಗೆಗಿನ ವಿವಾದಗಳನ್ನು ವಾಚಕರು ಬಲ್ಲರು. ಕಚ್ಚುವ ನಾಯಿಯಿಂದ ಮಕ್ಕಳನ್ನೂ ವೃದ್ಧರನ್ನೂ ಕಾಪಾಡುವುದು ಕರ್ತವ್ಯವೇ. ಸರಮೆಯೂ ತನ್ನ ಮಗನ ತಪ್ಪೇನಾದರೂ ಇದೆಯೇ ಎಂದು ಮೊದಲು ಕೇಳಿದಳಷ್ಟೆ. ಆದರೆ ಸುಮ್ಮನೆ ಮಲಗಿರುವ ಪ್ರಾಣಿಗೆ ಮಕ್ಕಳು ಕಲ್ಲೆಸೆದಾಗ ಹಿರಿಯರು ನೋಡಿಯೂ ನೋಡದಂತೆ ಇರುವುದು ಸರಿಯಲ್ಲ. ಗೋವು, ನಾಯಿ, ಕಾಗೆಗಳಿಗೆ ತುತ್ತು ತೆಗೆದಿಟ್ಟು ಉಣ್ಣುವುದು ನಮ್ಮ ಮನೆಗಳ ಸಂಪ್ರದಾಯ. ಫ್ಲ್ಯಾಟುಗಳಲ್ಲಿ ಅದು ಕಷ್ಟವಾಗಿರಬಹುದು. ಅದರ ಅರ್ಥವನ್ನಾದರೂ ಮಕ್ಕಳಿಗೆ ತಿಳಿಸೋಣ. ಸರಮೆಯ ಕಥೆಯನ್ನು ಹೇಳಿ, ರಾಜಪುತ್ರರು ಏನೆಂದು ಉತ್ತರಿಸಬಹುದಿತ್ತೆಂದು ಅವರನ್ನೇ ಕೇಳೋಣ.

ಶ್ರೀಕೃಷ್ಣಾರ್ಪಣಮಸ್ತು.