ಶಿಲ್ಪವನ್ನು ನೋಡುವ ಬಗೆ: ಕಲ್ಲು, ಉಳಿ ಮತ್ತು ಕೆಲವು ಮಾತುಗಳು

ಬೇಲೂರಿಗೆ ಹೋಗಿಬಂದವರು ‘ಬಹಳ ಚೆನ್ನಾಗಿದೆ’ ಎನ್ನುತ್ತಾರೆ. ಏನು ಚೆನ್ನಾಗಿದೆಯೆಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕಾದರೆ ಕೆಲವು ಮಾತುಗಳು ಗೊತ್ತಿರಬೇಕು. ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವನ್ನು ಕನ್ನಡದಲ್ಲಿ ನಾವಲ್ಲದೆ ಬೇರೆ ಯಾರು ಹೇಳಿಕೊಟ್ಟಾರು?

ಶಿಲ್ಪದ ಕೆಲಸದಲ್ಲಿ ಮುಖ್ಯವಾಗಿ ಮೂರು ವಿಧಗಳುಂಟು. ಕಲ್ಲು ಮರಗಳಲ್ಲಿ ಬೇಡದ ಭಾಗವನ್ನು ತೆಗೆಯುವುದು ಕೆತ್ತನೆ. ಜೇಡಿಮಣ್ಣನ್ನೋ ಗಾರೆಯನ್ನೋ ಸೇರಿಸುತ್ತ ರೂಪ ಕೊಡುವುದು ಮೆತ್ತುವ ಕೆಲಸ. ಮೇಣದ ಮೂರ್ತಿಯ ಸುತ್ತ ಮಣ್ಣು ಮೆತ್ತಿ, ಕಾಯಿಸಿ, ಮೇಣವನ್ನು ಹರಿಯಬಿಟ್ಟು, ಆ ಟೊಳ್ಳಿನೊಳಗೆ ಕರಗಿದ ಲೋಹವನ್ನು ಹೊಯ್ಯುವುದು ಎರಕ. ಮಣ್ಣಿನಲ್ಲಿ ತಪ್ಪಿದರೆ ತಿದ್ದಬಹುದು, ಲೋಹವನ್ನು ಮತ್ತೆ ಕರಗಿಸಬಹುದು. ಕಲ್ಲಿನಲ್ಲಿ ಹಾರಿಹೋದ ಮೂಗು ಹಾರಿಹೋದದ್ದೇ.

ಕಲ್ಲಿನ ಗುಣ ಉಳಿಯ ದಾರಿಯನ್ನು ನಿಶ್ಚಯಿಸುತ್ತದೆ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರು ದೇವಾಲಯ ಬಳಪದ ಕಲ್ಲಿನದು. ಇದು ಮೆದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಆದುದರಿಂದಲೇ ಮದನಿಕೆಯ ಬಳೆ, ಹಾರಗಳನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಸಾಧ್ಯವಾಯಿತು. ಅಲ್ಲಿನ ಕಂಬಗಳ ನುಣುಪಾದ ಬಳೆಗಳು ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತು. ಕುಷಾಯಿಗೂಡದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಲ್ಲುವ ನಮ್ಮ ಗೆಳೆಯರು ಇದನ್ನು ಒಂದೇ ನೋಟಕ್ಕೆ ಗುರುತಿಸಬಲ್ಲರು. ಶ್ರವಣಬೆಳಗೊಳದ ಗೊಮ್ಮಟನಾದರೋ ಗಡಸು ಗ್ರಾನೈಟಿನವನು. ಸುಮಾರು 58 ಅಡಿಯ ಆ ಮೂರ್ತಿಯಲ್ಲಿ ಒಡವೆಗಳ ಕುಸುರಿಯಿಲ್ಲ. ವಿಶಾಲವಾದ ನುಣುಪು ಮೈಯೇ ಅದರ ಸೊಬಗು.

ಇನ್ನು ಕೆಲವು ಮಾತುಗಳು. ಹಿನ್ನೆಲೆಯ ಕಲ್ಲಿಗೆ ಅಂಟಿಕೊಂಡಿದ್ದರೆ ಉಬ್ಬುಶಿಲ್ಪ. ಸುತ್ತಲೂ ನೋಡುವಂತಿದ್ದರೆ ದುಂಡುಶಿಲ್ಪ. ಎರಡು ಕಾಲುಗಳ ಮೇಲೂ ಸಮವಾಗಿ ನಿಂತರೆ ಸಮಭಂಗ. ಕೊರಳು, ನಡು, ಮೊಣಕಾಲು ಮೂರು ಕಡೆ ಬಳುಕಿದರೆ ತ್ರಿಭಂಗ. ಮುಖದ ಉದ್ದವನ್ನು ಅಳತೆಗೋಲಾಗಿಟ್ಟುಕೊಂಡು ಮೈಯ ಪ್ರಮಾಣವನ್ನು ಗೊತ್ತುಮಾಡುವುದು ತಾಲಮಾನ.

ಇವನ್ನು ಪರೀಕ್ಷಿಸಲು ಬೇಲೂರಿಗೇ ಹೋಗಬೇಕಾಗಿಲ್ಲ. ಹುಸೇನ್ ಸಾಗರದ ಬುದ್ಧನು ಭುವನಗಿರಿಯ ಬಳಿಯ ರಾಯಗಿರಿಯ ಒಂದೇ ಗ್ರಾನೈಟ್ ಬಂಡೆಯಿಂದ ಬಂದವನು. ಗಣಪತಿ ಸ್ಥಪತಿಗಳ ನೇತೃತ್ವದಲ್ಲಿ ಕೆತ್ತಿದ್ದು. 1990ರ ಮಾರ್ಚ್ 10ರಂದು ಸಾಗಿಸುವಾಗ ಮೂರ್ತಿ ಕೆರೆಗೆ ಜಾರಿತು. ಜೊತೆಗಿದ್ದವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಮೂರ್ತಿಯನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಕಲ್ಲು ಭದ್ರವಾಗಿ ಮೇಲೆ ಬಂದಿತು, ಮನುಷ್ಯರು ಬರಲಿಲ್ಲ. ಕೆರೆಯ ದಂಡೆಯಲ್ಲಿ ನಿಂತಾಗ ಅವರನ್ನೂ ನೆನೆಯುವುದು ಉಚಿತ.

ಹೊಯ್ಸಳ ಶಿಲ್ಪಿಗಳು ಒಂದು ಒಳ್ಳೆಯ ಪದ್ಧತಿಯನ್ನು ಇಟ್ಟುಕೊಂಡಿದ್ದರು. ತಾವು ಮಾಡಿದ ಮೂರ್ತಿಯ ಪೀಠದಲ್ಲಿ ತಮ್ಮ ಹೆಸರು ಕೊರೆಯುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅರಸರ ಹೆಸರಿನ ಜೊತೆಗೆ ಕೂಲಿಗೆ ದುಡಿದ ಕೈಗಳ ಹೆಸರೂ ಕನ್ನಡ ಅಕ್ಷರಗಳಲ್ಲಿ ಉಳಿದಿದೆ.

ಮುಂದೆ ಯಾವ ಶಿಲ್ಪವನ್ನು ಕಂಡರೂ ಮಕ್ಕಳೊಡನೆ ನಿಂತು ಮೂರು ಪ್ರಶ್ನೆ ಕೇಳಿರಿ: ಇದು ಯಾವ ವಸ್ತು? ಕೆತ್ತಿದ್ದೋ, ಮೆತ್ತಿದ್ದೋ, ಎರೆದದ್ದೋ? ಮಾಡಿದ ಕೈ ಯಾರದು?