‘ಕಲಿ’ ಎಂಬ ಎರಡಕ್ಷರದ ಮಾತು

ಹೆಣ್ಣುಮಕ್ಕಳು ಪುಸ್ತಕ ಹಿಡಿದು ಶಾಲೆಗೆ ಹೊರಟ ಮೊದಲ ದಿನಗಳಲ್ಲಿ “ಇದು ಕಲಿಗಾಲವಲ್ಲವೇ!” ಎಂದು ನಿಟ್ಟುಸಿರಿಟ್ಟ ಹಿರಿಯರುಂಟು. ಕಲಿಯುವದಕ್ಕೂ ಕಲಿಗೂ ಹೆಸರೇ ಒಂದಲ್ಲವೇ ಎಂದು ಅದಕ್ಕೆ ಒಗ್ಗರಣೆ ಹಾಕಿದವರೂ ಉಂಟು. ಈ ಮಾತಿನ ಹುಟ್ಟನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಸಂಸ್ಕೃತದ ಕಲಿಯು ಮೊದಲು ಜೂಜಿನ ಶಬ್ದವಾಗಿತ್ತು. ವೇದಕಾಲದಲ್ಲಿ ತಾರೆಮರದ ಕಾಯಿಗಳೇ ದಾಳಗಳು. ಅವನ್ನು ನಾಲ್ಕುನಾಲ್ಕಾಗಿ ಎಣಿಸಿದಾಗ ಏನೂ ಮಿಗದಿದ್ದರೆ ಕೃತ, ಮೂರು ಮಿಕ್ಕರೆ ತ್ರೇತಾ, ಎರಡು ಮಿಕ್ಕರೆ ದ್ವಾಪರ. ಒಂದೇ ಮಿಕ್ಕರೆ ಕಲಿ, ಅಂದರೆ ಸೋಲು. ಈ ಹೆಸರುಗಳೇ ಮುಂದೆ ಯುಗಗಳಿಗೆ ಸಂದವು. ಕಲಿಯುಗದ ಆರಂಭವನ್ನು ಜ್ಯೋತಿಷಿಗಳು ಕ್ರಿ. ಪೂ. 3102ಕ್ಕೆ ಇಡುತ್ತಾರೆ. ನಮ್ಮ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ 3735 ವರುಷಗಳನ್ನು ಎಣಿಸಿ, ಶಕವರುಷ 556ನ್ನೂ ಜತೆಗಿಟ್ಟಿದ್ದಾನೆ, ಅದು ಕ್ರಿ. ಶ. 634 ಆಗುತ್ತದೆ.

ಮಹಾಭಾರತದ ನಳೋಪಾಖ್ಯಾನದಲ್ಲಿ ಈ ಕಲಿಯೇ ಪುರುಷನಾಗಿ ನಳನ ಮೈಹೊಕ್ಕು, ಜೂಜಿನಲ್ಲಿ ಅವನ ರಾಜ್ಯವನ್ನು ಕಳೆಯಿಸುತ್ತಾನೆ. ಅವನು ಬಿಟ್ಟುಹೋದದ್ದು ಯಾವಾಗ? ನಳನು ಋತುಪರ್ಣರಾಜನಿಂದ ದಾಳಗಳ ವಿದ್ಯೆಯನ್ನು ಕಲಿತ ಕ್ಷಣದಲ್ಲಿ. ಕಲಿಯು ಆಗ ತಾರೆಮರವನ್ನೇ ಹೊಕ್ಕು ಅಡಗಿದನಂತೆ. ನಿಟ್ಟುಸಿರಿಡುವ ಹಿರಿಯರು ಕಥೆಯ ಈ ಭಾಗವನ್ನೂ ನೆನೆಯಬಹುದು.

ಇನ್ನು ನಾವು ಶಾಲೆಯಲ್ಲಿ ಕಲಿಯುವ ‘ಕಲಿ’ಯು ಬೇರೆಯೇ ಮನೆಯದು. ಹಳಗನ್ನಡದಲ್ಲಿ ಇದರ ಧಾತು ‘ಕಲ್’. ‘ಕಲ್ತು’ ಎಂಬ ರೂಪದಲ್ಲಿ ಅದು ಇಂದಿಗೂ ಕಾಣುತ್ತದೆ. ತಮಿಳಿನಲ್ಲಿಯೂ ‘ಕಲ್’ ಎಂದರೆ ಕಲಿ, ‘ಕಲ್ವಿ’ ಎಂದರೆ ವಿದ್ಯೆ, ತುಳುವಿನಲ್ಲಿ ‘ಕಲ್ಪುನಿ’. ಅರ್ಥವೂ ರೂಪವೂ ಹೀಗೆ ನೆರೆಯ ನುಡಿಗಳಲ್ಲಿ ಒಟ್ಟಾಗಿ ನಡೆದರೆ ಮಾತ್ರ ಬಂಧುತ್ವವು ಸಿದ್ಧವಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ರೆವರೆಂಡ್ ಕಿಟ್ಟೆಲರು ಕನ್ನಡದ ಮಾತುಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲೆಯಾಳ, ತುಳುಗಳ ಮಾತುಗಳನ್ನು ಶ್ರಮಪಟ್ಟು ಜೋಡಿಸಿದ್ದು ಇದಕ್ಕಾಗಿಯೇ. ಜೂಜಿನ ಕಲಿಗೂ ಪಾಠದ ಕಲಿಗೂ ಇಂಥ ನಂಟು ಒಂದೂ ಇಲ್ಲ.

ಧ್ವನಿಯ ಹೋಲಿಕೆಯನ್ನೇ ನಂಬಿದರೆ ಎಲ್ಲಿಗೆ ಹೋಗಿ ಮುಟ್ಟುವೆವು! ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಬಿತ್ತುವವನ ಸಾಮ್ಯದ ‘ಒಳ್ಳೆಯ ನೆಲ’ಕ್ಕಿರುವ ವಿಶೇಷಣವನ್ನು ಇಂದಿನ ಗ್ರೀಕರು ‘ಕಲಿ’ ಎಂದೇ ಉಚ್ಚರಿಸುತ್ತಾರೆ. ಅರ್ಥವು ಒಳ್ಳೆಯದು, ಚೆಲುವಾದದ್ದು. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ಕಲಿ’ ಎಂದರೆ ಹರಿತ, ಉಗ್ರ; ಕಚ್ಚುವ ನಾಯಿಗೂ ಅದೇ ವಿಶೇಷಣ. ಅರಬ್ಬಿಯಲ್ಲಿ ‘ಕಲಿ’ಯು ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿ. ಅದರಿಂದಲೇ ರಸಾಯನಪಾಠದ ‘ಆಲ್ಕಲಿ’ ಬಂತು. 1807ರಲ್ಲಿ ಡೇವಿಯವರು ಕ್ಷಾರದಿಂದ ಬೇರ್ಪಡಿಸಿದ ಪೊಟಾಸಿಯಮ್ ಲೋಹಕ್ಕೆ ‘ಕಾಲಿಯಮ್’ ಎಂಬ ಲ್ಯಾಟಿನ್ ಹೆಸರೂ ಬಂತು. ನಮ್ಮ ತಾಯಂದಿರು ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿಯಲ್ಲಿಯೂ ಆ ಕ್ಷಾರವೇ ಇರುವದು.

ಕನ್ನಡದಲ್ಲಿಯೇ ಇನ್ನೊಂದು ಕಲಿಯುಂಟು: ಶೂರನು, ಧೀರನು. ವೀರಗಲ್ಲುಗಳ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಇದರ ನಂಟರು ಹಳೆಯ ತಮಿಳಿನಲ್ಲಿ ಬಲ, ಆರ್ಭಟ ಎಂಬ ಅರ್ಥಗಳಲ್ಲಿ ಸಿಗುತ್ತಾರೆ, ವಿದ್ಯೆಯ ಅರ್ಥದಲ್ಲಿ ಅಲ್ಲ. ‘ಕಲಿತವಳೇ ಕಲಿ’ ಎಂದು ನಮ್ಮ ವಿದ್ಯಾರ್ಥಿನಿಯರು ಬರೆಯಲಿಚ್ಛಿಸಿದರೆ ನಿಬಂಧದಲ್ಲಿ ನಾವು ಸಂತೋಷದಿಂದ ಒಪ್ಪುವೆವು. ವ್ಯಾಕರಣದ ಉತ್ತರಪತ್ರಿಕೆಯಲ್ಲಿ ಅದನ್ನೇ ವ್ಯುತ್ಪತ್ತಿಯೆಂದು ಬರೆದರೆ ಮಾತ್ರ ಅಂಕ ಕೊಡಲಾರೆವು.