ಪತ್ತನಾಜೆ ಕಳೆದ ಮೇಲಿನ ಸಿನಿಮಾ

ಪತ್ತನಾಜೆ ಕಳೆದರೆ ನಮ್ಮ ಕಡೆ ರಾತ್ರಿಗಳು ಉದ್ದವಾಗುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಕೋಲ ನೇಮಗಳೂ ಮುಗಿದಿರುತ್ತವೆ. ಹೊರಗೆ ಜಡಿಮಳೆ, ಒಳಗೆ ಒಣಗಿಸಿಟ್ಟ ಅಡಿಕೆ ಸುಲಿಯುವ ಕೆಲಸ. ಕಡಬದ ಹತ್ತಿರದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಹಳೆಯ ಕಪ್ಪು ಬಿಳುಪು ಸಿನಿಮಾ ಹಾಕುವ ರೂಢಿ ಬಂದು ಹತ್ತು ವರ್ಷವಾಯಿತು. ಹಾಕುವವನು ನಾನು. ಹೇಗೆ ನೋಡಬೇಕೆಂದು ಕಲಿಸಿದವರು ಬೆಳ್ಳಾರೆಯಿಂದ ಮಳೆಗಾಲಕ್ಕೆ ಬಂದು ನಮ್ಮಲ್ಲಿ ಉಳಿಯುವ ಅತ್ತೆ, ಅಪ್ಪನ ಅಕ್ಕ.

ಮೊದಲ ವರ್ಷ ಹಾಕಿದ್ದು 1954ರ ‘ಬೇಡರ ಕಣ್ಣಪ್ಪ’, ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ. ಆಗಷ್ಟೇ ದೊಡ್ಡ ಟಿ.ವಿ. ತಂದಿದ್ದೆ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಅತ್ತೆ ಕತ್ತಿ ಕೆಳಗಿಟ್ಟರು.

“ಎಂತ ಮಾಡಿದ್ದು ನೀನು ಈ ಟಿ.ವಿ.ಗೆ? ಪಂಡರಿಬಾಯಿ ಹೀಗೆ ದಪ್ಪ ಇರ್ಲಿಲ್ಲ.”

ನಾನು ಗಮನಿಸಿಯೇ ಇರಲಿಲ್ಲ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಈಗಿನ ಟಿ.ವಿ. ಅದನ್ನು ಎರಡೂ ಕಡೆಗೆ ಎಳೆದು ಪರದೆ ತುಂಬಿಸಿಬಿಡುತ್ತದೆ. ಮುಖಗಳು ಅಗಲವಾಗುತ್ತವೆ, ನಡಿಗೆ ಭಾರವಾಗುತ್ತದೆ, ಕಣ್ಣಪ್ಪ ಬೇಡನಂತೆ ಕಾಣದೆ ಪೈಲ್ವಾನನಂತೆ ಕಾಣುತ್ತಾನೆ. ರಿಮೋಟ್ ಹಿಡಿದು ಹುಡುಕಿ ಸರಿಮಾಡಿದೆ. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬಂತು, ನಡುವೆ ಪಂಡರಿಬಾಯಿ ತೆಳ್ಳಗೆ ನಿಂತರು. “ಹಾಂ, ಇವರೇ” ಎಂದು ಅತ್ತೆ ಮತ್ತೆ ಕತ್ತಿ ಹಿಡಿದರು. ಹಳೆಯ ಚಿತ್ರ ಹಾಕಲು ಹೊರಟವರಿಗೆಲ್ಲ ನಾನು ಮೊದಲು ಹೇಳುವುದು ಈ ಮಾತನ್ನೇ. ಆ ಕಪ್ಪು ಪಟ್ಟಿಗಳ ಬಗ್ಗೆ ಬೇಸರ ಮಾಡಬೇಡಿ.

ಆ ಚಿತ್ರವನ್ನು ಅತ್ತೆ ಹುಡುಗಿಯಾಗಿದ್ದಾಗ ಪುತ್ತೂರಿನಲ್ಲಿ ನೋಡಿದ್ದರು. ಆಗ ನಮ್ಮ ಜಿಲ್ಲೆ ಮೈಸೂರಿಗೆ ಸೇರಿರಲಿಲ್ಲ, 1956ರವರೆಗೂ ನಾವು ಮದ್ರಾಸ್ ರಾಜ್ಯದವರು. ಮನೆಯಲ್ಲಿ ತುಳು, ನೆರೆಯಲ್ಲಿ ಅರೆಭಾಷೆ, ಹವ್ಯಕರ ಮನೆಯಲ್ಲಿ ಅವರದೇ ಕನ್ನಡ. ಪರದೆಯ ಮೇಲಿನ ಮೈಸೂರು ಕಡೆಯ ಕನ್ನಡ ಅರ್ಥವಾಗುತ್ತಿತ್ತೇ ಎಂದು ಕೇಳಿದ್ದೆ. “ಆಟ ನೋಡಿದವರಿಗೆ ಅದು ಅರ್ಥ ಆಗದೆ ಉಂಟಾ?” ಎಂದರು. ಆಟವೆಂದರೆ ನಮ್ಮಲ್ಲಿ ಯಕ್ಷಗಾನ.

ಆ ಉತ್ತರ ನನ್ನ ನೋಟವನ್ನೇ ಬದಲಿಸಿತು. ಹಳೆಯ ಚಿತ್ರಗಳಲ್ಲಿ ಮಾತು ಜಾಸ್ತಿ, ನಿಂತಲ್ಲೇ ನಿಂತು ನಾಟಕದ ಹಾಗೆ ಮಾತಾಡುತ್ತಾರೆ ಎಂದು ನಾನೂ ದೂರುತ್ತಿದ್ದವನೇ. ರಾಜ್‌ಕುಮಾರ್ ಬಾಲ್ಯದಿಂದ ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದವರು, ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ನಾಟಕದಿಂದಲೇ ಬಂದವರು. ಅವರಿಗೆ ಮಾತೇ ಅಭಿನಯ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಇಡೀ ರಾತ್ರಿ ಕುಳಿತು ಕೇಳಿದ ಊರಿನವರು ನಾವು. ವೇಷವಿಲ್ಲ, ಕುಣಿತವಿಲ್ಲ, ಮಾತಿನಲ್ಲೇ ಲಂಕೆ ಕಟ್ಟಿ ಮಾತಿನಲ್ಲೇ ಸುಡುವ ತಾಳಮದ್ದಳೆ ನಮಗೆ ನಿಧಾನ ಅನ್ನಿಸಿದ್ದಿಲ್ಲ. ಸಿನಿಮಾದ ಮುಂದೆ ಮಾತ್ರ ಯಾಕೆ ಆ ಕಿವಿ ಮುಚ್ಚಿಕೊಳ್ಳಬೇಕು?

ಅಂದಿನಿಂದ ಟಿ.ವಿ.ಯ ಸದ್ದನ್ನು ನಂಬದೆ ಬೇರೆ ಸ್ಪೀಕರ್ ತಂದಿಟ್ಟೆ. 1965ರ ‘ಸತ್ಯ ಹರಿಶ್ಚಂದ್ರ’ವನ್ನು ಆ ಸ್ಪೀಕರಿನಲ್ಲಿ ಕೇಳಿದಾಗ ನನಗೆ ಹೊಳೆದದ್ದು, ಹುಣಸೂರು ಕೃಷ್ಣಮೂರ್ತಿಯವರ ಆ ಚಿತ್ರ ರಾಜ್‌ಕುಮಾರರದು ಎಷ್ಟೋ ಉದಯಕುಮಾರರದೂ ಅಷ್ಟೇ ಎಂದು. ವಿಶ್ವಾಮಿತ್ರನಾದ ಅವರ ಕಂಠ ಮೊಬೈಲಿನಲ್ಲಿ ಬರೀ ಕಿರುಚಾಟ. ಸರಿಯಾಗಿ ಕೇಳಿದರೆ ಕೋಪದ ಒಳಗೆ ಪರೀಕ್ಷಕನ ಲೆಕ್ಕಾಚಾರ ಕೇಳಿಸುತ್ತದೆ. 2008ರಲ್ಲಿ ಬಂದ ಇದರ ಬಣ್ಣದ ರೂಪವನ್ನೂ ನೋಡಿದ್ದೇನೆ. ಅರಮನೆಯ ದೃಶ್ಯಗಳಿಗೆ ಬಣ್ಣ ಒಪ್ಪುತ್ತದೆ. ಸ್ಮಶಾನಕ್ಕೆ ಖಂಡಿತ ಒಪ್ಪುವುದಿಲ್ಲ. ಬೂದಿಗೂ ಇರುಳಿಗೂ ಬೇರೆ ಬಣ್ಣ ಎಂತಕ್ಕೆ?

ಆದರೆ ಕಿವಿಯೊಂದೇ ಸಾಕು ಎಂದು ತೀರ್ಮಾನಿಸಿದ್ದು ತಪ್ಪು. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ ಹಾಕಿದ ದಿನ ಅದು ತಿಳಿಯಿತು. 1964ರ ಚಿತ್ರ, ‘ಹರಿಶ್ಚಂದ್ರ’ಕ್ಕಿಂತ ಒಂದೇ ವರ್ಷ ಹಿಂದಿನದು, ನಾಯಕ ಅದೇ ರಾಜ್‌ಕುಮಾರ್. ಇಲ್ಲಿ ಕಿರೀಟವಿಲ್ಲ, ಅವರೊಬ್ಬ ಸಾಮಾನ್ಯ ಮೇಷ್ಟ್ರು. ಹರಿಣಿಯವರು ಕಿವಿ ಕೇಳದ, ಮಾತು ಬಾರದ ಹೆಂಡತಿ. ಅಡಿಕೆ ಸುಲಿಯುತ್ತಾ ತಲೆ ತಗ್ಗಿಸಿಕೊಂಡು ಕೇಳುವುದಕ್ಕೆ ಅದರಲ್ಲಿ ದಾರಿಯಿಲ್ಲ. ತಲೆ ತಗ್ಗಿಸಿದರೆ ಅವಳು ಹೇಳಿದ್ದೇ ತಪ್ಪಿಹೋಗುತ್ತದೆ. ಆ ರಾತ್ರಿ ಅರ್ಧ ಬುಟ್ಟಿ ಅಡಿಕೆಯೂ ಮುಗಿಯಲಿಲ್ಲ. ನಮ್ಮ ಕೆಲಸದವರೂ ಕತ್ತಿ ಬಿಟ್ಟು ಕುಳಿತಿದ್ದರು.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಆಗಿನ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ನಾನು ನೋಡಿದವುಗಳಲ್ಲಿ ನಮ್ಮ ಅಂಗಳವಿಲ್ಲ, ನಮ್ಮ ಮಳೆಯಿಲ್ಲ. ಶಿವರಾಮ ಕಾರಂತರು 1930ರ ಸುಮಾರಿಗೇ ಕ್ಯಾಮೆರಾ ಹಿಡಿದು ‘ಡೊಮಿಂಗೊ’ ಎಂಬ ಮೂಕಿಚಿತ್ರ ಮಾಡಿದ್ದವರು, ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದವರು. ಅವರ ‘ಚೋಮನ ದುಡಿ’ ಬಿ.ವಿ. ಕಾರಂತರ ಕೈಯಲ್ಲಿ ಚಿತ್ರವಾಗಲು 1975 ಬರಬೇಕಾಯಿತು. ಎಂ.ವಿ. ವಾಸುದೇವ ರಾವ್ ಚೋಮನಾಗಿ ಗದ್ದೆಯ ಬದುವಿನಲ್ಲಿ ನಡೆಯುವಾಗ ನಮ್ಮ ಮನೆಯ ಜಗಲಿ ಇಡೀ ಸುಮ್ಮನಾಗಿತ್ತು. ಆ ಬೇಸಾಯದ ಆಸೆಯೂ ಅದನ್ನು ತಡೆದ ಜಾತಿಯೂ ನಮ್ಮ ಮಣ್ಣಿನವೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕಳೆದ ಆಟಿ ತಿಂಗಳಲ್ಲಿ ಸುಳ್ಯದಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. ‘ಹರಿಶ್ಚಂದ್ರ’ ಮತ್ತೆ ಹಾಕಿದೆ. ಕಾಶಿಯಲ್ಲಿ ಚಂದ್ರಮತಿಯನ್ನು ಮಾರುವಾಗ ಮಗಳು ಕೇಳಿಯೇ ಬಿಟ್ಟಳು, “ಇವಳು ಯಾಕೆ ಒಂದು ಮಾತೂ ತಿರುಗಿ ಕೇಳುವುದಿಲ್ಲ?” ಮೊದಲಾಗಿದ್ದರೆ ಸುಮ್ಮನೆ ನೋಡು ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಹಳೆಯ ಚಿತ್ರವನ್ನು ಗೌರವಿಸುವುದೆಂದರೆ ಅದರ ಎದುರು ಬಾಯಿ ಮುಚ್ಚಿಸುವುದಲ್ಲ. ಅತ್ತೆ ಏನೂ ಹೇಳಲಿಲ್ಲ.

ಸ್ಮಶಾನದ ದೃಶ್ಯ ಬರುವ ಹೊತ್ತಿಗೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಯಿತು. ಕತ್ತಲೆಯಲ್ಲಿ ಅತ್ತೆ ತಾವಾಗಿ ಕಥೆ ಮುಂದುವರಿಸಿದರು. ಮಗನ ಹೆಣ ಮಡಿಲಲ್ಲಿಟ್ಟುಕೊಂಡ ಚಂದ್ರಮತಿ ಸುಂಕ ಕೇಳಿದ ಗಂಡನಿಗೆ ಹೇಳುತ್ತಾಳೆ ಎಂದು, ನಮ್ಮ ಮನೆಮಾತು ಬಿಟ್ಟು ತಾಳಮದ್ದಳೆಯ ಅರ್ಥದ ಕನ್ನಡಕ್ಕೆ ತಿರುಗಿದರು: “ಸತ್ಯಕ್ಕೆ ಬೆಲೆ ಕಟ್ಟಿದವರು ನೀವು. ಆ ಬೆಲೆಯಲ್ಲಿ ನನ್ನದೆಷ್ಟು, ಈ ಮಗುವಿನದೆಷ್ಟು ಎಂದು ಒಮ್ಮೆಯಾದರೂ ಲೆಕ್ಕ ಹಾಕಿದಿರಾ?”

ಒಂದು ಗಂಟೆಯ ನಂತರ ಕರೆಂಟು ಬಂತು. ಮಗಳು ಆ ಜಾಗವನ್ನೇ ಹುಡುಕಿ ಎರಡು ಸಲ ಹಾಕಿ ನೋಡಿದಳು.

“ನೀವು ಹೇಳಿದ್ದು ಇದರಲ್ಲಿ ಇಲ್ಲ ಅಜ್ಜಿ.”

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. “ಹಾಗಾದ್ರೆ ಅದು ಬೆಳ್ಳಾರೆಯ ಕೂಟದಲ್ಲಿ ಕೇಳಿದ್ದಿರ್ಬೇಕು” ಎಂದು ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದುಕೊಂಡರು.